ಕಲಬುರಗಿ ಮದುವೆಗೆ ಬಂದ ಎಂಟು ಗಜದ ಕಿಲ್ಟ್: ಒಬ್ಬ ಟೈಲರಮ್ಮನ ವಿಮರ್ಶೆ

ನನ್ನ ಆರ್ಡರ್ ಬುಕ್ಕಿನಲ್ಲಿ ಫೆಬ್ರವರಿಯ ಒಂದು ಪುಟ ಹೀಗಿದೆ. ಮೊದಲ ಸಾಲು: ಬ್ಲೌಸ್ 3, ಬೋಟ್ ನೆಕ್, ಲೈನಿಂಗ್ ಸಹಿತ. ಎರಡನೇ ಸಾಲು: ಸೀರೆ 6, ಫಾಲ್ಸ್, ಪೈಕೊ. ಮೂರನೇ ಸಾಲು: ಲಂಡನ್ ಲಂಗ 1, ಬಕಲ್ ಪಟ್ಟಿ, ಅರ್ಜೆಂಟ್.

ಮೂರನೇ ಸಾಲಿನಲ್ಲಿ ಎರಡು ತಪ್ಪಿವೆ. ಅದು ಲಂಡನ್ನಿನದಲ್ಲ. ಲಂಗವೂ ಅಲ್ಲ, ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್. ಬರೆದವಳು ನಾನೇ, ಅದಕ್ಕೇ ಈ ವಿಮರ್ಶೆಯನ್ನೂ ನಾನೇ ಬರೆಯುತ್ತಿದ್ದೇನೆ.

ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ನಮ್ಮ ಅಂಗಡಿ. ಅಪ್ಪ ಇಲ್ಲೇ ಕೂತು ಶೇರವಾನಿ ಹೊಲಿಯುತ್ತಿದ್ದರು. ನಾನು ಬ್ಲೌಸ್ ಮತ್ತು ಶಾಲೆ ಯೂನಿಫಾರ್ಮ್ ಹೊಲಿಯುತ್ತೇನೆ. ಇದುವರೆಗೆ ನಾನು ಬರೆದದ್ದೆಲ್ಲ ಮಷಿನ್, ಕತ್ತರಿ, ಇಸ್ತ್ರಿಪೆಟ್ಟಿಗೆ ಬಗ್ಗೆ. ಗಂಡಸರು ಉಡುವ, ಹಿಂದೆ ನೆರಿಗೆ ಇರುವ, ಎರಡು ಕಿಲೋ ತೂಗುವ ಉಣ್ಣೆ ಬಟ್ಟೆಯ ಬಗ್ಗೆ ಬರೆಯುತ್ತೇನೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಆದದ್ದು ಇಷ್ಟು. ನಮ್ಮ ಅಣ್ಣನ ಮಗನ ಮದುವೆ. ಅವನ ತಂಗಿ ಸ್ಕಾಟ್ಲೆಂಡಿನ ಡಂಡಿ ಎಂಬ ಊರಿನಲ್ಲಿ ಓದಿದವಳು. ಅಲ್ಲಿ ಯಾರ ಮನೆಯಲ್ಲಿ ಬಾಡಿಗೆಗಿದ್ದಳೋ ಆ ಗಂಡ-ಹೆಂಡತಿಯನ್ನೇ ಮದುವೆಗೆ ಕರೆದುಕೊಂಡು ಬಂದಳು. ಸಾಹೇಬರು ರಿಟೈರ್ಡ್ ಎಲೆಕ್ಟ್ರಿಷಿಯನ್. ಮೇಡಂ ರಿಟೈರ್ಡ್ ನರ್ಸ್. ಇಬ್ಬರಿಗೂ ಅರವತ್ತೈದರ ಆಸುಪಾಸು. ಅರಿಶಿಣದ ದಿನ ಸಾಹೇಬರು ತಮ್ಮ ಕಿಲ್ಟ್ ಉಟ್ಟು ಬಂದರು. ಊಟಕ್ಕೆ ಎಲ್ಲರ ಜೊತೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಹೋದರು. ಟಪ್ ಅಂತ ಸೊಂಟದ ಚರ್ಮದ ಪಟ್ಟಿ ಕಿತ್ತು ಬಂತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಣ್ಣನ ಆ ಮಗಳು, ನನ್ನ ಸೊಸಿ, ಅಂಗಡಿಗೆ ಓಡಿ ಬಂದಳು. "ಅತ್ತಿ, ಪಟ್ಟಿ ಕಿತ್ತೋಗ್ಯಾದ. ಹನ್ನೆರಡೂವರಿಗೆ ಅಕ್ಷತಾ ಅದ. ಏನರ ಮಾಡು."

ಹಿಂದೆಯೇ ದಂಪತಿ ಬಂದರು. ಸಾಹೇಬರು ನಮ್ಮ ಅಣ್ಣನ ಚೆಕ್ಸ್ ಲುಂಗಿ ಉಟ್ಟಿದ್ದರು. ಉಟ್ಟದ್ದೂ ಚೆಕ್ಸ್, ಕೈಯಲ್ಲಿ ಹಿಡಿದದ್ದೂ ಚೆಕ್ಸ್. ಎದುರಿನ ಪಾನ್ ಅಂಗಡಿಯವನು ವ್ಯಾಪಾರ ಬಿಟ್ಟು ನೋಡುತ್ತ ನಿಂತ.

ಮೊದಲು ಹೊಲಿಗೆ ಬಗ್ಗೆ ಹೇಳುತ್ತೇನೆ. ಉಳಿದದ್ದು ಆಮೇಲೆ.

ಟೇಬಲ್ ಮೇಲೆ ಹರಡಿದಾಗ ನನಗೆ ಮಾತೇ ಹೊರಡಲಿಲ್ಲ. ಎಂಟು ಗಜ ಬಟ್ಟೆ. ನಮ್ಮ ಅಜ್ಜಿ ಉಡುತ್ತಿದ್ದ ಹದಿನಾರು ಮೊಳದ ಸೀರೆಯ ಲೆಕ್ಕ ಹಾಕಿ ನೋಡಿ, ಅದೂ ಎಂಟೇ ಗಜ. ಅಜ್ಜಿ ಅದನ್ನು ದಿನಾ ಬೆಳಿಗ್ಗೆ ಕೈಯಲ್ಲಿ ನೆರಿಗೆ ಹಿಡಿದು ಉಡುತ್ತಿದ್ದಳು. ಇವರು ಒಂದು ಸಲ ನೆರಿಗೆ ಹಿಡಿದು, ಹೊಲಿದು, ಜೀವನಪೂರ್ತಿ ಉಡುತ್ತಾರೆ. ಮುಂದೆ ಎರಡು ಪದರ ಸಪಾಟು, ಒಂದರ ಮೇಲೊಂದು ಬರುತ್ತದೆ. ನೆರಿಗೆ ಎಲ್ಲ ಹಿಂದೆ. ಎಣಿಸಿದೆ, ಇಪ್ಪತ್ತೇಳು. ಸೊಂಟದಿಂದ ಪೃಷ್ಠದವರೆಗೆ ಪ್ರತಿ ನೆರಿಗೆಯನ್ನೂ ಕೈಹೊಲಿಗೆ ಹಾಕಿ ಕೂರಿಸಿದ್ದಾರೆ. ಅದರ ಕೆಳಗೆ ಬಿಟ್ಟಿದ್ದಾರೆ, ಅದಕ್ಕೇ ನಡೆದರೆ ತೂಗುತ್ತದೆ.

ಯೂನಿಫಾರ್ಮ್ ಹೊಲಿಯುವವರಿಗೆ ಚೆಕ್ಸ್ ಎಂದರೆ ತಲೆನೋವು ಅಂತ ಗೊತ್ತು. ಪಿನಾಫೋರ್‌ನ ಬಾಕ್ಸ್ ಪ್ಲೀಟಿನಲ್ಲಿ ಗೆರೆ ಗೆರೆಗೆ ಕೂಡಿಸುವುದರಲ್ಲಿ ಕಣ್ಣು ಹೋಗುತ್ತವೆ. ಶಾಲೆಯವರು ಕೊಡುವ ರೇಟಿಗೆ ಅಷ್ಟು ಕಣ್ಣು ಕೊಡಲೂ ಆಗುವುದಿಲ್ಲ. ಈ ಕಿಲ್ಟಿನಲ್ಲಿ ನೆರಿಗೆ ಹಾಕಿದ ಮೇಲೂ ಹಿಂದಿನಿಂದ ನೋಡಿದರೆ ಚೆಕ್ಸ್ ಹಾಗೇ ಕಾಣುತ್ತದೆ. ಬಟ್ಟೆಯಲ್ಲಿದ್ದ ಚೌಕವೇ ನೆರಿಗೆಯಲ್ಲೂ ಮೂಡುವ ಹಾಗೆ ಪ್ರತಿ ಮಡಿಕೆಯನ್ನು ಅಳೆದು ಇಟ್ಟಿದ್ದಾರೆ. ಇನ್ನೊಂದು ಪದ್ಧತಿಯೂ ಇದೆಯಂತೆ. ಪ್ರತಿ ನೆರಿಗೆಯ ನಡುವೆ ಒಂದೇ ಗೆರೆ ಬರುವ ಹಾಗೆ ಹಾಕುವುದು, ಅದು ಸೈನ್ಯದ ರೀತಿ.

ಒಳಗೆ ತಿರುಗಿಸಿ ನೋಡಿದೆ. ಸೊಂಟದ ಹತ್ತಿರ ನೆರಿಗೆಯ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ತೆಗೆದಿದ್ದಾರೆ, ಇಲ್ಲದಿದ್ದರೆ ಉಬ್ಬುತ್ತದೆ. ಅಲ್ಲಿ ಕ್ಯಾನ್ವಾಸ್ ಕೊಟ್ಟು ಗಟ್ಟಿ ಮಾಡಿದ್ದಾರೆ. ಕೆಳಗೆ ಮಡಚಿ ಹೊಲಿದಿಲ್ಲ. ನೇಯ್ದ ಅಂಚನ್ನೇ ಅಂಚಾಗಿ ಬಿಟ್ಟಿದ್ದಾರೆ, ನಮ್ಮ ಸೀರೆಯ ದಡಿ ಇದ್ದ ಹಾಗೆ. ನೇಯ್ಗೆ ಓರೆ. ಉದ್ದಕ್ಕೆ ಯಾವ ಬಣ್ಣದ ಎಳೆ ಎಷ್ಟು ಬರುತ್ತವೋ ಅಡ್ಡಕ್ಕೂ ಅಷ್ಟೇ, ಅದೇ ಕ್ರಮದಲ್ಲಿ. ಈ ಚೆಕ್ಸ್ ಬಟ್ಟೆಗೆ ಟಾರ್ಟನ್ ಅನ್ನುತ್ತಾರೆ, ಆ ಎಳೆಗಳ ಲೆಕ್ಕವೇ ಒಂದೊಂದು ಟಾರ್ಟನ್‌ನ ಗುರುತು. ಅದಕ್ಕೆ ಸರ್ಕಾರಿ ರಿಜಿಸ್ಟರ್ ಬೇರೆ ಇದೆ, 2009ರಿಂದ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ನೋಂದಣಿ ಮಾಡಿಸಬಹುದು. ಚೆಕ್ಸ್ ನೋಂದಣಿ! ನಮ್ಮ ಕಡೆ ಹೊಲದ ಪಹಣಿಯೇ ಸರಿಯಾಗಿ ಆಗುವುದಿಲ್ಲ.

ದೋಷ ಹೇಳಬೇಕೆಂದರೆ ಒಂದೇ. ಮೂರು ಚರ್ಮದ ಪಟ್ಟಿಗಳಲ್ಲಿ ಎಡಗಡೆಯದು ಒಳಗಿನ ಪದರದಿಂದ ಹೊರಟು, ಒಂದು ಸೀಳಿನಲ್ಲಿ ತೂರಿ, ಹೊರಗೆ ಬಕಲ್ಲಿಗೆ ಸೇರುತ್ತದೆ. ಭಾರ ಎಲ್ಲ ಅದರ ಮೇಲೆ. ಅಲ್ಲಿ ದಾರ ಇನ್ನೊಂದು ಸುತ್ತು ಬೇಕಿತ್ತು. ಆದರೂ ಕುರ್ಚಿ ಮೇಲೆ ಕೂರುವ ದೇಶದವರು ಹೊಲಿದದ್ದು, ನೆಲದ ಮೇಲೆ ಕೂರುವ ದೇಶದಲ್ಲಿ ಕಿತ್ತಿತು. ಟೈಲರನ್ನು ಬೈಯಲು ನನಗೆ ಮನಸ್ಸಿಲ್ಲ.

ಓಣಿಯ ತುದಿಯ ಮೋಚಿ ಕಾಕಾನ ಹತ್ತಿರ ಚರ್ಮ ಕತ್ತರಿಸಿ ತಂದೆ. ಅವನಲ್ಲಿ ಕಪ್ಪು ಇರಲಿಲ್ಲ, ಕಂದು ಇತ್ತು. ಮೇಣ ಹಚ್ಚಿದ ದಾರ, ದಪ್ಪ ಸೂಜಿ, ಒಳಗೆ ಬಕ್ರಮ್ ತುಂಡು. ಒಂದು ತಾಸು ಹಿಡಿಯಿತು.

ಮಾತು ಬಂದದ್ದು ಆ ಒಂದು ತಾಸಿನಲ್ಲಿ.

ನಾನು ರಸೀದಿ ಬರೆಯುತ್ತ, ಸುಮ್ನೆ ಮಾತಿಗೆ, "ಲಂಡನ್‌ದಾಗ ಇದು ಎಷ್ಟಕ್ಕ ಸಿಗ್ತದ್ರಿ?" ಎಂದೆ. ಸೊಸಿ ಅನುವಾದ ಮಾಡಲಿಲ್ಲ, ನನ್ನ ಕಾಲು ತುಳಿದಳು. ಸಾಹೇಬರಿಗೆ ಲಂಡನ್ ಎಂಬ ಶಬ್ದ ಮಾತ್ರ ತಿಳಿಯಿತು. ನಕ್ಕರು, ಆದರೆ ಆ ನಗು ನನಗೆ ಗೊತ್ತು. ಬೆಂಗಳೂರಿನಲ್ಲಿ ನನ್ನನ್ನು "ನೀವು ತೆಲುಗಾ?" ಅಂತ ಕೇಳಿದಾಗ ನಾನು ನಗುವ ನಗು ಅದು. ಇವತ್ತು ನೂರನೇ ಸಲ ಕೇಳುತ್ತಿದ್ದೇನೆ, ಜಗಳ ಆಡುವ ಶಕ್ತಿ ಇಲ್ಲ ಎನ್ನುವ ನಗು.

ಅವರಿಗೆ ಆ ವಾರ ಅದು ಎಷ್ಟನೇ ಸಲವೋ. ಲಾಡ್ಜಿನ ರಿಜಿಸ್ಟರಿನಲ್ಲಿ ಹುಡುಗ ಪಾಸ್‌ಪೋರ್ಟ್ ನೋಡಿ ಬ್ರಿಟಿಷ್ ಎಂದು ಬರೆದನಂತೆ. ಊರು ಎಂಬಲ್ಲಿ ಕೇಳದೆಯೇ ಲಂಡನ್ ಎಂದು ತುಂಬಿದನಂತೆ. ಮದುವೆ ಮನೆಯಲ್ಲಿ ನಮ್ಮ ಚಿಕ್ಕವ್ವ "ಇಂಗ್ಲೆಂಡ್ ಸಾಹೇಬ ಲಂಗ ಉಟ್ಟಾನ ನೋಡವ್ವ" ಅಂತ ಎಲ್ಲರನ್ನೂ ಕರೆದು ತೋರಿಸಿದಳು. ಕಿಲ್ಟಿನ ಮುಂದೆ ತೂಗುವ ಚರ್ಮದ ಚೀಲ ಇರುತ್ತದೆ, ಸ್ಪೋರನ್ ಅಂತ. ಕಿಲ್ಟಿಗೆ ಜೇಬಿಲ್ಲ, ಅದಕ್ಕೆ ಅದು. ಚಿಕ್ಕವ್ವ ಅದನ್ನು ಎಲೆಅಡಿಕೆ ಸಂಚಿ ಅಂದುಕೊಂಡು, "ಒಂದು ಎಲಿ ಕೊಡ್ರಿ" ಎಂದು ಕೈಚಾಚಿದ್ದಳು. ಕಿಲ್ಟಿನ ಒಳಗೆ ಏನು ಹಾಕುತ್ತಾರೆ ಅನ್ನುವುದನ್ನೂ ಕೇಳಿದ್ದಾಳೆ. ಉತ್ತರ ಏನು ಬಂತೋ, ಇವತ್ತಿಗೂ ಹೇಳುತ್ತಿಲ್ಲ.

ನಾನು ಕ್ಷಮೆ ಕೇಳಿದೆ. "ಪಾಸ್‌ಪೋರ್ಟಿನಾಗ ಬ್ರಿಟಿಷ್ ಅಂತ ಇದ್ದರ ನಾವು ಮತ್ತೇನು ಅನಬೇಕ್ರಿ?" ಅಂತಲೂ ಕೇಳಿದೆ. ಇದು ನನ್ನ ನಿಜವಾದ ಪ್ರಶ್ನೆ. ಸೊಸಿ ಈ ಸಲ ಅನುವಾದ ಮಾಡಿದಳು.

ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಬಾಯಿ ತೆಗೆದರು. ಉತ್ತರ ಬೇರೆ ಬೇರೆ.

ಸಾಹೇಬರದು ಹೀಗೆ. ಸ್ಕಾಟಿಷ್ ಪಾಸ್‌ಪೋರ್ಟ್ ಎಂಬುದೇ ಇಲ್ಲ, ಅದಕ್ಕೆ ಬ್ರಿಟಿಷ್. ಆದರೆ ನಾನು ಸ್ಕಾಟಿಷ್, ಅಷ್ಟೇ. 1603ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡು ದೇಶಕ್ಕೂ ಒಬ್ಬನೇ ರಾಜ ಆದ, ಅವನೂ ಸ್ಕಾಟ್ಲೆಂಡಿನ ರಾಜನೇ. 1707ರಲ್ಲಿ ಎರಡು ಪಾರ್ಲಿಮೆಂಟ್ ಕೂಡಿ ಒಂದಾದವು. ಆದರೂ ನಮ್ಮ ಕಾನೂನು ಬೇರೆಯೇ ಉಳಿಯಿತು, ಚರ್ಚ್ ಬೇರೆ, ಶಾಲೆಯ ಪದ್ಧತಿ ಬೇರೆ. 1999ರಿಂದ ಎಡಿನ್‌ಬರೋದಲ್ಲಿ ಮತ್ತೆ ನಮ್ಮದೇ ಪಾರ್ಲಿಮೆಂಟ್ ಇದೆ. 2014ರ ಸೆಪ್ಟೆಂಬರ್ 18ರಂದು ಸ್ವತಂತ್ರ ದೇಶ ಆಗಬೇಕೇ ಅಂತ ಓಟು ನಡೆದಾಗ ನಾನು ಹೌದು ಎಂದೆ.

ಮೇಡಂ ಚೀಲದಿಂದ ಬೀಸಣಿಗೆ ತೆಗೆದು ಬೀಸಿಕೊಳ್ಳುತ್ತ, "ನಾನು ಇಲ್ಲ ಅಂದೆ" ಎಂದರು.

ಅವರು ಹುಟ್ಟಿದ್ದೂ ಡಂಡಿಯಲ್ಲೇ. ಅಪ್ಪ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದರು. ತಂಗಿಯನ್ನು ಇಂಗ್ಲೆಂಡಿನ ನ್ಯೂಕಾಸಲ್‌ಗೆ ಕೊಟ್ಟಿದ್ದಾರೆ. ನಲವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದವರು. ತಾನು ಸ್ಕಾಟಿಷ್ ಅನ್ನುವುದರಲ್ಲಿ ಅವರಿಗೆ ಅನುಮಾನವೇ ಇಲ್ಲ, ಬ್ರಿಟಿಷ್ ಅನ್ನುವುದರಲ್ಲೂ ಇಲ್ಲ. "ಒಂದು ಆಗಬೇಕಾದರೆ ಇನ್ನೊಂದು ಬಿಡಬೇಕು ಅಂತ ಇವರಿಗೆ ಯಾರು ಹೇಳಿದರೋ" ಎಂದು ಗಂಡನ ಕಡೆ ಬೀಸಣಿಗೆ ತೋರಿಸಿದರು.

ಆ ಓಟಿನಲ್ಲಿ ಇಲ್ಲ ಅಂದವರು ನೂರಕ್ಕೆ 55, ಹೌದು ಅಂದವರು 45. ಓಟು ಹಾಕಲು ಬಂದವರು ನೂರಕ್ಕೆ 85ರ ಹತ್ತಿರ, ಹದಿನಾರು ವರ್ಷದ ಹುಡುಗರೂ ಹಾಕಿದ್ದರು. ಆದರೆ ಡಂಡಿ ಊರು ನೂರಕ್ಕೆ 57ರಷ್ಟು ಹೌದು ಎಂದಿತ್ತು. "ಊರು ನನ್ನ ಕಡೆ, ದೇಶ ಇವಳ ಕಡೆ" ಎಂದರು ಸಾಹೇಬರು. ಹತ್ತು ವರ್ಷ ದಾಟಿದೆ, ಇಬ್ಬರೂ ಒಂದೇ ಮನೆಯಲ್ಲಿ ಊಟ ಮಾಡುತ್ತಾರೆ.

ಸೊಸಿ ಒಂದು ಲೆಕ್ಕ ಹೇಳಿದಳು. ಅಲ್ಲಿ ಜನಗಣತಿಯಲ್ಲಿ ನೀವು ನಿಮ್ಮನ್ನು ಏನಂದುಕೊಳ್ಳುತ್ತೀರಿ ಅಂತಲೇ ಕೇಳುತ್ತಾರೆ. 2022ರಲ್ಲಿ ಬರೀ ಸ್ಕಾಟಿಷ್ ಅಂದವರು ನೂರಕ್ಕೆ 65.5. ಬರೀ ಬ್ರಿಟಿಷ್ ಅಂದವರು 13.9. ಎರಡೂ ಅಂದವರು 8.2, ಹಿಂದಿನ 2011ರಲ್ಲಿ ಇದೇ 18.3 ಇತ್ತು. ಅಂದರೆ ಮೇಡಂ ತರದವರು ಕಡಿಮೆ ಆಗುತ್ತಿದ್ದಾರೆ. ಮೇಡಂಗೆ ಇದು ಹಿಡಿಸಲಿಲ್ಲ. "ನಾನೇನು ಅಳಿವಿನಂಚಿನ ಪ್ರಾಣಿಯಾ?" ಎಂದರು.

ನಾನು ಸೂಜಿ ಹಾಕುತ್ತಲೇ ಕೇಳುತ್ತಿದ್ದೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ.

ನಮಗೂ ಇಂಥದ್ದು ಇದೆ. ದೇಶಕ್ಕೆಲ್ಲ 1947ರ ಆಗಸ್ಟ್ 15. ನಮಗೆ 1948ರ ಸೆಪ್ಟೆಂಬರ್ 17. ಅಲ್ಲಿಯವರೆಗೆ ನಿಜಾಮರು. ಆಮೇಲೆ 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯ, ನಂತರವೇ ಮೈಸೂರು ರಾಜ್ಯ. 2019ರವರೆಗೆ ನಮ್ಮ ಹೆಸರಿನಲ್ಲೇ ಹೈದರಾಬಾದ್ ಇತ್ತು, ಈಗ ಕಲ್ಯಾಣ ಕರ್ನಾಟಕ. ನಮ್ಮವರು ಯಾರಾದರೂ ದೊಡ್ಡವರಾದರೆ ಕರ್ನಾಟಕದ ಹೆಮ್ಮೆ. ಬರ ಬಿದ್ದರೆ ಹಿಂದುಳಿದ ಹೈದರಾಬಾದ್ ಕರ್ನಾಟಕ. ಇದನ್ನು ಹೇಳಿದಾಗ ಸಾಹೇಬರು ಟೇಬಲ್ ಕುಟ್ಟಿ ನಕ್ಕರು. ಟೆನಿಸ್ ಆಟಗಾರ ಆಂಡಿ ಮರ್ರೆ ಬಗ್ಗೆ ಅವರ ಕಡೆ ಇದೇ ಜೋಕಂತೆ. ಗೆದ್ದರೆ ಬ್ರಿಟಿಷ್, ಸೋತರೆ ಸ್ಕಾಟಿಷ್.

ಹಾಗಂತ ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಅವರ ಪಾರ್ಲಿಮೆಂಟು ಒಪ್ಪಂದ ಮಾಡಿಕೊಂಡು ಸೇರಿತು. ನಮ್ಮ ಕಡೆಗೆ ಸೈನ್ಯ ಬಂತು, ಜನ ಹೂವು ಹಾಕಿದರು. ನಾನು ಕನ್ನಡದವಳು, ಅದರಲ್ಲಿ ಎರಡು ಮಾತಿಲ್ಲ. ನನಗಿರುವ ಸಿಟ್ಟು ಬೇರೆ. ನನ್ನ ಕನ್ನಡ ಕೇಳಿ, ಇದು ಕನ್ನಡನಾ ಅನ್ನುತ್ತಾರಲ್ಲ, ಆ ಸಿಟ್ಟು.

ದುಡ್ಡಿನ ವಿಷಯ ಕೇಳಿ. ಅಲ್ಲಿ ಮೂರು ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಕ್ಲೈಡ್ಸ್‌ಡೇಲ್ ಬ್ಯಾಂಕ್. ಅದೂ ಪೌಂಡೇ, ಬೆಲೆಯೂ ಅಷ್ಟೇ. ಆದರೂ ಇಂಗ್ಲೆಂಡಿನ ಕೆಲವು ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ ಬೇಡ ಅನ್ನುತ್ತಾರಂತೆ. ನಮ್ಮಲ್ಲಿ ಹಣ ಬದಲಿಸುವವನೊಬ್ಬ, ಹೆಸರು ಬೇಡ, ಅದನ್ನು ನೋಡಿ "ಇದು ನಕಲಿ, ರಾಣಿ ಫೋಟೋ ಇಲ್ಲ" ಎಂದು ವಾಪಸ್ ಕಳಿಸಿದ್ದ. ಸಾಹೇಬರು ಆ ಹತ್ತು ಪೌಂಡಿನ ನೋಟನ್ನು ಸ್ಪೋರನ್‌ನಿಂದ ತೆಗೆದು ತೋರಿಸಿದರು.

ನಾನು ಮಷಿನ್ ಡ್ರಾಯರ್ ತೆಗೆದೆ. ಬಾಬಿನ್, ಹುಕ್ಕು, ಚಾಕ್‌ಪೀಸ್ ನಡುವೆ ಅಪ್ಪ ಇಟ್ಟ ಒಂದು ನಾಣ್ಯ ಇದೆ. ಮೇಲೆ ಚಾರ್ಮಿನಾರ್. ಹಾಲಿ ಸಿಕ್ಕಾ, ನಿಜಾಮರ ರೂಪಾಯಿ. ಇಂಗ್ಲಿಷರ ರೂಪಾಯಿ ದೇಶದಲ್ಲೆಲ್ಲ ಓಡುವಾಗ ನಮ್ಮಲ್ಲಿ ಇದು ಓಡುತ್ತಿತ್ತು. ಗಡಿ ದಾಟಿದರೆ ವಟ್ಟಾ ಕೊಟ್ಟು ಬದಲಿಸಬೇಕಿತ್ತು. ನೋಟು, ನಾಣ್ಯ ಎರಡನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟೆವು. ಮೇಡಂ ಫೋಟೋ ತೆಗೆದುಕೊಂಡರು.

ಅಷ್ಟೊತ್ತಿಗೆ ನನ್ನ ಮಗ ಬಂದ. ಅವನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಓದುತ್ತಾನೋ ಇಲ್ಲವೋ, ಸಿಕ್ಕಿದವರಿಗೆಲ್ಲ ಪಾಠ ಮಾತ್ರ ಮಾಡುತ್ತಾನೆ. ಸ್ಕಾಟ್ಲೆಂಡ್ ಎಂದ ಕೂಡಲೇ ಕ್ರಿಕೆಟ್ ತೆಗೆದ. 2018ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡ್ ತಂಡ ಇಂಗ್ಲೆಂಡನ್ನು 6 ರನ್‌ಗಳಿಂದ ಸೋಲಿಸಿತ್ತಲ್ಲ, ಆ ಮ್ಯಾಚ್. ಸಾಹೇಬರ ಮುಖ ಅರಳಿತು. ಕ್ರಿಕೆಟ್ ಅವರಿಗೆ ಅಷ್ಟಕ್ಕಷ್ಟೇ, ಆದರೆ ಇಂಗ್ಲೆಂಡ್ ಸೋತದ್ದು ಯಾವ ಆಟದಲ್ಲಾದರೂ ಸರಿ. ಫುಟ್‌ಬಾಲಿನಲ್ಲೂ ತಂಡ ಬೇರೆ. ಮೊದಲ ಅಂತರರಾಷ್ಟ್ರೀಯ ಪಂದ್ಯವೇ 1872ರಲ್ಲಿ ಗ್ಲ್ಯಾಸ್ಗೋದಲ್ಲಿ ಇವರಿಬ್ಬರ ನಡುವೆ ಆದದ್ದು, ಒಂದೂ ಗೋಲಿಲ್ಲದೆ ಮುಗಿಯಿತು. ಒಲಿಂಪಿಕ್ಸ್‌ಗೆ ಹೋದರೆ ಮಾತ್ರ ಎಲ್ಲರೂ ಬ್ರಿಟನ್. ಕಾಮನ್‌ವೆಲ್ತ್ ಆಟಕ್ಕೆ ಮತ್ತೆ ಸ್ಕಾಟ್ಲೆಂಡ್.

ಮಗ ಇನ್ನೊಂದು ಹೆಸರು ತೆಗೆದ. ಮೈಕ್ ಡೆನಿಸ್. 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಚಿನ್ ಸೇರಿ ನಮ್ಮ ಆರು ಆಟಗಾರರಿಗೆ ಶಿಕ್ಷೆ ಕೊಟ್ಟ ಮ್ಯಾಚ್ ರೆಫ್ರಿ. ಆಗ ನಮ್ಮ ಓಣಿಯಲ್ಲೂ "ಇಂಗ್ಲಿಷ್ ಸಾಹೇಬನ ಸೊಕ್ಕು" ಅಂತ ಬೈದದ್ದು ನನಗೆ ನೆನಪಿದೆ. ಅವನು ಇಂಗ್ಲೆಂಡ್ ತಂಡದ ನಾಯಕನಾಗಿದ್ದವನು, ನಿಜ. ಆದರೆ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿ, "ಅವನನ್ನು ಬೇಕಾದರೆ ನೀವು ಬ್ರಿಟಿಷ್ ಅನ್ನಿ" ಎಂದರು. ಮೇಡಂ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು.

ಮಗ ಬಿಡಬೇಕಲ್ಲ. ಅವನು ಮುಂದಿನದನ್ನು ಕೇಳಿದ, ನನಗೂ ಅದು ಕೇಳಬೇಕೆನಿಸಿತ್ತು. ನಾವು ಇಂಗ್ಲಿಷರಲ್ಲ, ಇಂಗ್ಲಿಷರಲ್ಲ ಅನ್ನುತ್ತೀರಲ್ಲ, ಇಲ್ಲಿ ಆಳುವಾಗ ನೀವು ಎಲ್ಲಿದ್ದಿರಿ? ನಮ್ಮ ಪುಸ್ತಕದಲ್ಲಿ ಅದನ್ನು ಆಂಗ್ಲೋ-ಮೈಸೂರು ಯುದ್ಧ ಅನ್ನುತ್ತಾರೆ. ಆದರೆ 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್, ಸ್ಕಾಟ್ಲೆಂಡಿನವನು. ನಿಜಾಮರು 1800ರಲ್ಲಿ ಬಳ್ಳಾರಿ ಕಡೆಯ ಜಿಲ್ಲೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಗ್ಲ್ಯಾಸ್ಗೋದವನು. ಮೈಸೂರು ಸೀಮೆ ಅಳೆದು, ಶಾಸನ, ಕಡತ, ಓಲೆಗರಿ ಕೂಡಿಸಿದ ಕಾಲಿನ್ ಮೆಕೆಂಜಿ ಅಲ್ಲಿನ ದ್ವೀಪದವನು. ಆಂಗ್ಲರು, ಇಂಗ್ಲಿಷರು, ಬ್ರಿಟಿಷರು, ಪರಂಗಿಯವರು ಅಂತ ನಾವು ನಾಲ್ಕು ಹೆಸರು ಇಟ್ಟುಕೊಂಡಿದ್ದೇವೆ, ನಾಲ್ಕೂ ಒಬ್ಬರಿಗೇ. ಕೆಳಗೆ ನಿಂತು ನೋಡುವವರಿಗೆ ಮೇಲೆ ಕೂತವರ ಒಳಗಿನ ಬೇಧ ಕಾಣುವುದಿಲ್ಲ, ಅಲ್ವಾ?

ಸಾಹೇಬರು ಜಗಳ ಆಡಲಿಲ್ಲ. ಕಿಲ್ಟಿನ ಕಡೆ ಕೈ ತೋರಿಸಿ ಅದರ ಕಥೆ ಹೇಳಿದರು. 1746ರಲ್ಲಿ ಕಲೋಡನ್ ಎಂಬಲ್ಲಿ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯ ದಂಡು ಸರ್ಕಾರದ ಸೈನ್ಯಕ್ಕೆ ಸೋತಿತು. ಅದೇ ವರ್ಷ ಕಾನೂನು ಮಾಡಿ, ಸ್ಕಾಟ್ಲೆಂಡಿನ ಗಂಡಸರು ಕಿಲ್ಟ್, ಟಾರ್ಟನ್ ಉಡಬಾರದು ಎಂದರು. 1782ರವರೆಗೆ ನಿಷೇಧ. ಒಂದು ಕಡೆ ಮಾತ್ರ ಉಡಬಹುದಿತ್ತು. ಬ್ರಿಟಿಷ್ ಸೈನ್ಯ ಸೇರಿದರೆ. ಊರಲ್ಲಿ ಉಟ್ಟರೆ ಜೈಲು, ರಾಜನ ಪಡೆಯಲ್ಲಿ ಉಟ್ಟರೆ ಸಂಬಳ. 1857ರಲ್ಲಿ ಲಖನೌದಲ್ಲಿ ದಂಗೆ ಹತ್ತಿಕ್ಕಲು ಬಂದ ಸ್ಕಾಟಿಷ್ ಪಡೆಯವರು ಕಿಲ್ಟ್ ಉಟ್ಟೇ ಬಂದಿದ್ದರು. "ನಾವು ಎಲ್ಲಿದ್ದೆವು ಅಂತ ಕೇಳಿದಿರಲ್ಲ. ಇದರೊಳಗೇ ಇದ್ದೆವು" ಎಂದರು.

ಅಂಗಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೇಲೆ ಫ್ಯಾನ್ ತಿರುಗುವ ಸದ್ದು ಅಷ್ಟೇ.

ಇನ್ನೊಂದು ವಿಷಯ ಅವರೇ ಹೇಳಿದರು, ನಾನು ಕೇಳಿರಲಿಲ್ಲ. ಈ ಬಟ್ಟೆ ಅವರ ಮನೆತನದ್ದಲ್ಲ. ಕಿಲ್ಟ್ ಬೆಟ್ಟದ ಸೀಮೆಯವರ ಉಡುಪು, ಡಂಡಿಯವರದ್ದಲ್ಲ. ಒಂದೊಂದು ಮನೆತನಕ್ಕೆ ಒಂದೊಂದು ಟಾರ್ಟನ್ ಅನ್ನುವುದು ಬಹುಪಾಲು ಈಚಿನ ಸಂಗತಿ. 1822ರಲ್ಲಿ ನಾಲ್ಕನೇ ಜಾರ್ಜ್ ರಾಜ ಎಡಿನ್‌ಬರೋಗೆ ಬಂದಾಗ ಕಾದಂಬರಿ ಬರೆಯುತ್ತಿದ್ದ ವಾಲ್ಟರ್ ಸ್ಕಾಟ್ ಎಲ್ಲರಿಗೂ ಟಾರ್ಟನ್ ಉಡಿಸಿ ಮೆರವಣಿಗೆ ಮಾಡಿಸಿದ. ರಾಜನೂ ಕಿಲ್ಟ್ ಉಟ್ಟ. ಅಲ್ಲಿಂದ ಅದು ಇಡೀ ದೇಶದ ಉಡುಪಾಯಿತು. ಸಾಹೇಬರ ಅಜ್ಜ ಒಂದು ದಿನವೂ ಕಿಲ್ಟ್ ಉಟ್ಟವರಲ್ಲ. ಅಜ್ಜಿ ಡಂಡಿಯ ಸೆಣಬಿನ ಮಿಲ್ಲಿನಲ್ಲಿ ನೂಲುತ್ತಿದ್ದಳು. ಸೆಣಬು ಬರುತ್ತಿದ್ದದ್ದು ನಮ್ಮ ಬಂಗಾಳದಿಂದ. ಆಮೇಲೆ ಕಲ್ಕತ್ತೆಯಲ್ಲೇ ಮಿಲ್ಲುಗಳಾದವು, ನಡೆಸಲು ಡಂಡಿಯವರೇ ಬಂದರು, ಡಂಡಿಯ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ನಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ತೊಗರಿ ತುಂಬಿದ ಗೋಣಿಚೀಲಗಳ ಸಾಲು ಇತ್ತು. ಅವರು ಎದ್ದು ಹೋಗಿ ಒಂದು ಚೀಲದ ಮೂಲೆ ಹಿಡಿದು ಬೆರಳಲ್ಲಿ ಉಜ್ಜಿ ನೋಡಿ ಬಂದರು. ಲುಂಗಿ ಬಿಚ್ಚಿಹೋಗದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡೇ.

ಈಗ ಅಲ್ಲಿ ಮದುವೆಗೆ ಕಿಲ್ಟ್ ಉಡುವ ಹುಡುಗರಲ್ಲಿ ಎಷ್ಟೋ ಜನ ಬಾಡಿಗೆಗೆ ತರುತ್ತಾರಂತೆ, ನಮ್ಮ ಹುಡುಗರು ಶೇರವಾನಿ ತಂದ ಹಾಗೆ. ಇವರು ಮಾತ್ರ ರಿಟೈರ್ ಆದಾಗ ಐನೂರು ಪೌಂಡಿಗೂ ಜಾಸ್ತಿ ಕೊಟ್ಟು ಹೊಲಿಸಿದ್ದಾರೆ. ಬಣ್ಣ ಆರಿಸಿದ್ದು ಮೇಡಂ. ಕಡುನೀಲಿ, ಹಸಿರು, ನಡುವೆ ಬಿಳಿ ಎಳೆ. ಇಲ್ಲ ಎಂದು ಓಟು ಹಾಕಿದ ಮೇಡಂ! ನಾನು ಅದನ್ನೇ ಕೇಳಿದೆ. "ಓಟು ಬೇರೆ, ಗಂಡ ಚೆನ್ನಾಗಿ ಕಾಣಬೇಕಲ್ಲ" ಎಂದರು.

ಅವರು ಇಲ್ಲಿದ್ದ ವಾರದಲ್ಲಿ ಸುರಪುರಕ್ಕೂ ಹೋಗಿ ಬಂದರು. ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆಯಲ್ಲ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ಟೇಲರ್ ನಮ್ಮವನಾ ಅಂತ ಸಾಹೇಬರು ಆಸೆಯಿಂದ ಹುಡುಕಿದರಂತೆ. ಲಿವರ್‌ಪೂಲ್‌ನಲ್ಲಿ ಹುಟ್ಟಿದವನು. ಸುರಪುರದವರು ಇವತ್ತಿಗೂ ಟೇಲರ್ ಸಾಹೇಬ ಅಂತ ಒಳ್ಳೆಯ ಮಾತಾಡುತ್ತಾರೆ. ಒಳ್ಳೆ ಹೆಸರು ತೆಗೆದವನು ಇಂಗ್ಲಿಷಿನವನು ಆಗಿಬಿಟ್ಟನಲ್ಲ ಅಂತ ಮೇಡಂ ಗಂಡನನ್ನು ಕಾಡಿಸಿದರು.

ಸರಿ, ವಿಮರ್ಶೆಗೆ ವಾಪಸ್ ಬರುತ್ತೇನೆ.

ಹೊಲಿಗೆಗೆ ಐದಕ್ಕೆ ಐದು. ನಾನು ಇಷ್ಟು ವರ್ಷದಲ್ಲಿ ನೋಡಿದ ಅತಿ ಒಳ್ಳೆಯ ಚೆಕ್ಸ್ ಕೆಲಸ ಇದು. ಅಪ್ಪ ಇದ್ದಿದ್ದರೆ ಕನ್ನಡಕ ಹಾಕಿ ಒಂದು ತಾಸು ನೋಡುತ್ತಿದ್ದರು.

ಬಟ್ಟೆಗೂ ಐದು. ಒಂದು ಎಳೆಯೂ ಸಡಿಲ ಇಲ್ಲ. ಇಸ್ತ್ರಿ ಮಾಡುವಾಗ ಒದ್ದೆ ಬಟ್ಟೆ ಮೇಲೆ ಹಾಕಿಯೇ ಮಾಡಬೇಕು, ನೇರ ಇಟ್ಟರೆ ಹೊಳಪು ಬರುತ್ತದೆ.

ನಮ್ಮ ಹವೆಗೆ ಒಂದು. ಅದೂ ಫೆಬ್ರವರಿ ಅಂತ. ಮೇ ತಿಂಗಳಲ್ಲಿ ಯಾರಾದರೂ ಇದನ್ನು ಕಲಬುರಗಿಯಲ್ಲಿ ಉಟ್ಟರೆ ನೇರ ಆಸ್ಪತ್ರೆಗೆ. ಅಕ್ಷತೆ ಮುಗಿಯುವ ಹೊತ್ತಿಗೆ ಸಾಹೇಬರ ಮುಖ ಬೀಟ್‌ರೂಟ್ ಆಗಿತ್ತು. ಒಳಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟೆವು.

ಪಂಕ್ತಿ ಊಟಕ್ಕೆ ಸೊನ್ನೆ. ಇದನ್ನು ಉಟ್ಟು ನೆಲದ ಮೇಲೆ ಕೂರಬಾರದು. ಮದುವೆಯ ದಿನ ಅವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಇನ್ನೊಂದು ಕುರ್ಚಿಯ ಮೇಲೆ ಎಲೆ ಇಟ್ಟೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ತಿಂದರು. ಹೋಳಿಗೆ ನಾಲ್ಕು.

ಗುರುತು ಹಿಡಿಯುವ ವಿಷಯಕ್ಕೆ ಎಷ್ಟು ಕೊಡಬೇಕೋ ಗೊತ್ತಾಗುತ್ತಿಲ್ಲ. ಸಾಹೇಬರು ಇದನ್ನು ಉಡುವುದೇ ನಾನು ಇಂಗ್ಲಿಷಿನವನಲ್ಲ ಅಂತ ದೂರದಿಂದ ತಿಳಿಯಲಿ ಎಂದು. ನಮ್ಮೂರಲ್ಲಿ ಅದು ಕೆಲಸ ಮಾಡಲಿಲ್ಲ. ಐನೂರು ಜನ ನೋಡಿದರು, ನಾಲ್ಕು ನೂರ ತೊಂಬತ್ತು ಜನ ಇಂಗ್ಲೆಂಡ್ ಅಂದರು. ಬ್ಯಾಂಡಿನವನೊಬ್ಬ ಮಾತ್ರ ಕ್ಲಾರಿಯೊನೆಟ್ ಕೆಳಗಿಟ್ಟು ಬಂದು, "ಜನವರಿ 26ಕ್ಕ ಟಿವಿಯೊಳಗ ನಮ್ಮ ಮಿಲಿಟರಿಯವರು ಊದ್ತಾರಲ್ರಿ, ಚೀಲದ್ದು, ಅದು ನಿಮ್ಮದೇನ್ರಿ?" ಅಂತ ಕೇಳಿದ. ಅವನು ಕೇಳಿದ್ದು ಬ್ಯಾಗ್‌ಪೈಪ್ ಬಗ್ಗೆ, ಸ್ಕಾಟ್ಲೆಂಡಿನ ವಾದ್ಯ. ಸಾಹೇಬರು ಅವನ ಕೈ ಹಿಡಿದು ಬಹಳ ಹೊತ್ತು ಬಿಡಲೇ ಇಲ್ಲ.

ಕೂಲಿ ಬೇಡ ಎಂದೆ. ಕೇಳಲಿಲ್ಲ. ಯಾರೂ ಬದಲಿಸಿಕೊಡದ ಆ ಹತ್ತು ಪೌಂಡಿನ ನೋಟು ಈಗ ನನ್ನ ಡ್ರಾಯರಿನಲ್ಲಿ ಹಾಲಿ ಸಿಕ್ಕಾ ಜೊತೆ ಇದೆ. ಎರಡರಿಂದಲೂ ಒಂದು ಕಪ್ ಚಹಾ ಬರುವುದಿಲ್ಲ. ಆರ್ಡರ್ ಬುಕ್ಕಿನ ಮೂರನೇ ಸಾಲನ್ನು ಹೊಡೆದು ಪಕ್ಕದಲ್ಲಿ "ಡಂಡಿ, ಕಿಲ್ಟ್ 1" ಎಂದು ಬರೆದಿದ್ದೇನೆ. ಸ್ಕಾಟ್ಲೆಂಡ್ ಅಂತ ಬರೆಯಲು ಹೋಗಿದ್ದೆ, ಬ್ರಿಟನ್ ಅಂತಲೂ ಬರೆಯಿರಿ ಎಂದು ಮೇಡಂ ಪಟ್ಟು ಹಿಡಿದರು. ಇಬ್ಬರಿಗೂ ತಕರಾರಿಲ್ಲದ್ದು ಊರಿನ ಹೆಸರೊಂದೇ.

ಕಂದು ಪಟ್ಟಿ ಇನ್ನೂ ಗಟ್ಟಿಯಾಗಿದೆ ಅಂತ ಮೊನ್ನೆ ಸೊಸಿ ಫೋನ್ ಮಾಡಿದ್ದಳು. ಉಳಿದ ಎರಡು ಕಪ್ಪು, ಇದೊಂದು ಕಂದು, ಅಲ್ಲಿನ ಟೈಲರ್ ನೋಡಿ ಯಾರ ಕೆಲಸ ಎಂದು ಕೇಳಿದನಂತೆ. ಸಾಹೇಬರು ಇಂಡಿಯಾದಲ್ಲಿ ಹಾಕಿಸಿದ್ದು ಎಂದರಂತೆ. ಕಲಬುರಗಿ ಅಂತ ಹೇಳಬೇಕಿತ್ತು ಎಂದೆ.

ಇನ್ನು ಮುಂದೆ ಯಾರಾದರೂ ಕಿಲ್ಟ್ ರಿಪೇರಿಗೆ ತರುವುದಿದ್ದರೆ ದಯವಿಟ್ಟು ಎರಡು ದಿನ ಮೊದಲು ತನ್ನಿ, ಎರಡು ತಾಸು ಮೊದಲು ಅಲ್ಲ. ಮೋಚಿ ಕಾಕಾ ಈಗ ಕಪ್ಪು ಚರ್ಮವನ್ನೂ ತರಿಸಿಟ್ಟಿದ್ದಾನೆ.